ಪರೀಕ್ಷೆ ಪಾಸಾದ ಎಂಟು ಹೆಲ್ಮೆಟ್‌ಗಳು

ಅವರು ನನಗೆ ಒಟ್ಟು ಆರು ಸಲ ಹೊಡೆದಿದ್ದಾರೆ. ಆರಕ್ಕೆ ಆರೂ ನನ್ನ ತಪ್ಪಿಗೇ ಬಿದ್ದವು ಎನ್ನುವುದು ಅವರ ವಾದ, ಮೂರು ಮಾತ್ರ ಎನ್ನುವುದು ನನ್ನದು. ಈ ತಕರಾರು ಇತ್ಯರ್ಥವಾಗುವ ಮೊದಲೇ, ಹೋದ ತಿಂಗಳು ಉಪ್ಪಾರಹಳ್ಳಿಯ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ನೋಡಿದೆ, ಹಿರೇಹಳ್ಳಿಯ ನಮ್ಮ ಕಾರ್ಖಾನೆಯಿಂದ ಬಂದಿದ್ದ ಗಂಡಸರಲ್ಲಿ ಅವರ ಕೈಯಲ್ಲಿ ಏಟು ತಿನ್ನದವನು ಒಬ್ಬನೂ ಇರಲಿಲ್ಲ. ಹೊಡೆಸಿಕೊಂಡವರೆಲ್ಲ ಕೆಲಸಕ್ಕೆ ರಜೆ ಹಾಕಿ ಯಾಕೆ ಬಂದಿದ್ದಾರೆ ಎಂದು ಪಕ್ಕದ ಮನೆಯವರು ನನ್ನನ್ನು ಕೇಳಿದರು. ಅಲ್ಲಿ ನಿಂತು ಹೇಳುವ ವಿಷಯವಲ್ಲ ಅದು, ಹಾಗಾಗಿ ಬರೆಯಲು ಕೂತಿದ್ದೇನೆ.

ಹೆಸರು ಬರೆಯುವುದಿಲ್ಲ. ನಾವ್ಯಾರೂ ಹೆಸರಿನಿಂದ ಕರೆದವರೂ ಅಲ್ಲ. ಎದುರಿಗೆ ಸಾರ್, ಹಿಂದೆ ಯಜಮಾನ್ರು. ನಮ್ಮದು ಕ್ರೇನಿನ ಕೊಕ್ಕೆ, ಸರಪಳಿ ಮಾಡುವ ಕಾರ್ಖಾನೆ. ಅದರಲ್ಲಿ ಪರೀಕ್ಷೆಯ ವಿಭಾಗ ಅವರ ಕೈಯಲ್ಲಿತ್ತು. ಎರಡು ಟನ್ ಎತ್ತಬೇಕಾದ ಕೊಕ್ಕೆಯನ್ನು ನಾಲ್ಕು ಟನ್ ಭಾರ ಹಾಕಿ ಎಳೆದು ನೋಡಬೇಕು. ಬಾಗದೆ, ಬಿರುಕು ಬಿಡದೆ ನಿಂತರೆ ಅದರ ಕುತ್ತಿಗೆಗೆ ಅವರ ಗುರುತಿನ ಪಂಚು ಬೀಳುತ್ತಿತ್ತು. ಆ ಗುರುತಿಲ್ಲದ ಒಂದು ಕೊಕ್ಕೆಯೂ ಗೇಟು ದಾಟಿದ್ದಿಲ್ಲ. ಒಮ್ಮೆ ಅವಸರದ ಆರ್ಡರೆಂದು ಪ್ಯಾಕಿಂಗಿನವನೊಬ್ಬ ಪರೀಕ್ಷೆ ಆಗದ ಹತ್ತು ಕೊಕ್ಕೆಗಳನ್ನು ಪೆಟ್ಟಿಗೆಗೆ ಸೇರಿಸಿಬಿಟ್ಟ. ಯಜಮಾನ್ರು ಪೆಟ್ಟಿಗೆ ಒಡೆಸಿ, ಕೊಕ್ಕೆಗಳನ್ನು ತೆಗೆಸಿ, ಅವನ ಕತ್ತಿನ ಪಟ್ಟಿ ಹಿಡಿದು ಶೆಡ್ಡಿನ ಕಬ್ಬಿಣದ ಕಂಬಕ್ಕೆ ಎರಡು ಸಲ ಗುದ್ದಿಸಿದರು. ಮ್ಯಾನೇಜರು ನೋಡಿಯೂ ನೋಡದವರಂತೆ ಕಾಗದ ತಿರುವುತ್ತಿದ್ದರು. ಅವರು ಪಾಸು ಮಾಡಿದ ಕೊಕ್ಕೆ ಎಲ್ಲೂ ಮುರಿದ ಸುದ್ದಿ ಬಂದಿರಲಿಲ್ಲ, ಹಾಗಾಗಿ ಕಾರ್ಖಾನೆ ಅವರ ಕೈಯನ್ನು ಸಹಿಸಿಕೊಂಡಿತ್ತು.

ನಾನು ತೊಂಬತ್ತರ ದಶಕದ ಮೊದಲಲ್ಲಿ ಡಿಪ್ಲೊಮಾ ಮುಗಿಸಿ ಅವರ ಕೆಳಗೆ ಸೇರಿದೆ. ಮೊದಲ ದಿನ ಯಂತ್ರ ಓಡುತ್ತಿರುವಾಗ ಎಳೆತಕ್ಕೆ ಸಿಕ್ಕಿಸಿದ ಸರಪಳಿಯ ನೇರಕ್ಕೆ ನಿಂತಿದ್ದೆ. ಕೆನ್ನೆಗೆ ಬಿತ್ತು. ನನ್ನ ಕಿವಿಯಲ್ಲಿ ಜೀರುಂಡೆ ಕೂಗುತ್ತಿರುವಾಗಲೇ ಅವರು ಸ್ವಲ್ಪವೂ ಏದುಸಿರಿಲ್ಲದೆ, "ಏನ್ಲಾ ಡಿಪ್ಲೊಮಾ, ಸರಪಳಿ ತುಂಡಾದ್ರೆ ಅದು ನಿನ್ ಸರ್ಟಿಫಿಕೇಟ್ ನೋಡಲ್ಲ ಕಣ್ಲಾ" ಎಂದರು. ಅಂದಿನಿಂದ ನನ್ನ ಹೆಸರೂ ಡಿಪ್ಲೊಮಾ ಆಯಿತು. ಒಂದು ವಾರದ ಮೇಲೆ ಸರಪಳಿಯೊಂದು ನಿಜಕ್ಕೂ ತುಂಡಾಗಿ, ನಾನು ನಿಂತಿದ್ದ ಜಾಗದ ಹಿಂದಿನ ಗೋಡೆಯಿಂದ ಒಂದು ಇಟ್ಟಿಗೆಯನ್ನೇ ಕಿತ್ತುಹಾಕಿತು. ಆರರಲ್ಲಿ ನಾನು ಒಪ್ಪಿಕೊಳ್ಳುವ ಮೂರು ಏಟುಗಳಲ್ಲಿ ಆ ಮೊದಲನೆಯದೂ ಒಂದು.

ಅವರ ತಲೆಯ ಎಡಭಾಗದಲ್ಲಿ, ಕಿವಿಯಿಂದ ನಾಲ್ಕು ಬೆರಳು ಮೇಲೆ, ಒಂದು ಗುಂಡಿ ಇತ್ತು. ನಿಂಬೆಹಣ್ಣು ಕೂರಿಸುವಷ್ಟು ಆಳ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಗುಬ್ಬಿ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದಾಗ, ಮುಂದೆ ಹೋಗುತ್ತಿದ್ದ ಲಾರಿ ಗಕ್ಕನೆ ನಿಂತು, ಹಿಂದಕ್ಕೆ ಚಾಚಿಕೊಂಡಿದ್ದ ಕಂಬಿಯೊಂದು ಅಲ್ಲಿ ಹೊಕ್ಕಿತ್ತಂತೆ. ಅಂದಿನಿಂದ ಅವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಭಾನುವಾರ ನಮ್ಮ ಜೊತೆ ಸೈಕಲ್ ತುಳಿಯಲು ಹೊಸಬ ಯಾರೇ ಬಂದರೂ ಮೊದಲು ಆ ಗುಂಡಿಯಲ್ಲಿ ಅವನ ಬೆರಳು ಇಡಿಸುತ್ತಿದ್ದರು. ಒಳಗೆ ಮೂಳೆ ಇಲ್ಲ, ಬರೀ ಚರ್ಮ, ಅದರ ಕೆಳಗೆ ಏನೋ ಮಿಡಿಯುವುದು ಬೆರಳಿಗೆ ತಿಳಿಯುತ್ತಿತ್ತು. ನಾನು ಬೆರಳಿಟ್ಟ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ಅವರ ಹೆಂಡತಿ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವರು. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಒಮ್ಮೆ ಹೊಲಿಗೆ ಮೆಷಿನ್ ತುಳಿಯುತ್ತಾ ನನಗೆ ಹೇಳಿದ್ದರು, ಆ ಕಂಬಿ ಹೊಗುವುದಕ್ಕೆ ಮುಂಚೆ ಇವರು ಹಿತ್ತಿಲಿಗೆ ಬಂದ ಕೋಳಿಗೂ ಛೂ ಅಂದವರಲ್ಲವಂತೆ. ಆಸ್ಪತ್ರೆಯಿಂದ ಬೇರೆ ಯಾರನ್ನೋ ಮನೆಗೆ ಕರೆದುಕೊಂಡು ಬಂದ ಹಾಗಾಯಿತು ಎಂದರು. ಅಕ್ಕನ ಮುಂಗೈ ಮೇಲೆ ಉದ್ದನೆಯ ಒಂದು ಗಾಯದ ಕಲೆ ಇತ್ತು. ನಾನು ನೋಡಿದ್ದನ್ನು ಗಮನಿಸಿ ಅದು ಮೆಷಿನ್ನಿನ ಸೂಜಿ ತಗುಲಿದ್ದು ಎಂದರು. ನಾನು ಮುಂದೆ ಕೇಳಲಿಲ್ಲ. ಇಂಥದ್ದನ್ನೆಲ್ಲ ಬಿಟ್ಟು ಅವರನ್ನು ದೇವರನ್ನಾಗಿ ಮಾಡಿ ಬರೆಯಬಹುದು. ಅದು ಅಕ್ಕನಿಗೆ ಮಾಡುವ ಮೋಸ.

ಇಷ್ಟಿದ್ದೂ ಭಾನುವಾರ ಬೆಳಿಗ್ಗೆ ಅವರ ಹಿಂದೆ ಎಂಟು ಜನ ಸೈಕಲ್ ಹತ್ತುತ್ತಿದ್ದೆವು. ತುಮಕೂರಿನಿಂದ ಗುಬ್ಬಿ, ಅಲ್ಲಿಂದ ಒಳರಸ್ತೆ ಹಿಡಿದು ಕುಣಿಗಲ್, ಮತ್ತೆ ವಾಪಸು ತುಮಕೂರು. ವರ್ಷಕ್ಕೊಮ್ಮೆ ಕಾರ್ಖಾನೆಗಳ ನಡುವೆ ನಡೆಯುವ ರೇಸಿಗೆ ತಯಾರಿ ಎಂಬುದು ನೆಪ. ನಿಜವಾಗಿ, ವಾರವಿಡೀ ಕಬ್ಬಿಣದ ಸದ್ದು ಕೇಳಿದ ಕಿವಿಗೆ ಆ ರಸ್ತೆಯ ಗಾಳಿ ಬೇಕಾಗುತ್ತಿತ್ತು. ಅವರಿಗಿಂತ ಚೆನ್ನಾಗಿ ಸೈಕಲ್ ಕಲಿಸುವವರನ್ನು ನಾನು ಇನ್ನೂ ನೋಡಿಲ್ಲ. ಏರು ಬಂದಾಗ ಬೆನ್ನ ಮೇಲೆ ಕೈಯಿಟ್ಟು ತಳ್ಳುತ್ತಿದ್ದುದೂ ಅದೇ ಕೈ.

ಟೋಪಿಯ ವಿಚಾರದಲ್ಲಿ ಅವರಿಗೆ ಒಂದು ಶಾಸ್ತ್ರವೇ ಇತ್ತು. ಸೈಕಲ್ ತುಳಿಯುವವನ ಟೋಪಿ ಚಂದಕ್ಕಲ್ಲ, ಬೆವರು ಕಣ್ಣಿಗಿಳಿಯದಿರಲಿ ಎಂದು. ಬಟ್ಟೆ ಹತ್ತಿಯದೇ ಆಗಬೇಕು, ಅದೂ ಹಳೆಯದು. ಹೊಸ ಬಟ್ಟೆ ಬೆವರು ಕುಡಿಯುವುದಿಲ್ಲ. ಅಕ್ಕ ಹಳೇ ಪಂಚೆಯ ಬಟ್ಟೆ ಒಳಗಿಟ್ಟು ನಮಗೆಲ್ಲ ಟೋಪಿ ಹೊಲಿದುಕೊಡುತ್ತಿದ್ದರು. ಮುಂದಿನ ಚಾಚು ಮೂರು ಬೆರಳಿಗಿಂತ ಅಗಲ ಇರಬಾರದು, ಬಗ್ಗಿ ತುಳಿಯುವಾಗ ರಸ್ತೆ ಮರೆಯಾಗುತ್ತದೆ. ಬಿಸಿಲಿಗೆ ಚಾಚು ಕೆಳಗೆ, ಎದುರುಗಾಳಿಗೆ ಮೇಲೆ. ಹೊಲಿಗೆಯ ಗಂಟು ಹಣೆಯ ಮೇಲೆ ಬರಕೂಡದು, ನಲವತ್ತು ಮೈಲಿ ಆದಮೇಲೆ ಅದು ಮುಳ್ಳಾಗುತ್ತದೆ. ಇದನ್ನೆಲ್ಲ ಅವರು ಪಾಠದ ಹಾಗೆ ಹೇಳುತ್ತಿರಲಿಲ್ಲ. ತಪ್ಪಿದ್ದರೆ ತಲೆಯಿಂದ ಟೋಪಿ ಕಿತ್ತು, ಅದೇ ಟೋಪಿಯಲ್ಲಿ ಮುಖಕ್ಕೆ ಬಾರಿಸಿ, ಸರಿಯಾಗಿ ಹಾಕುತ್ತಿದ್ದರು.

ನಮ್ಮಲ್ಲಿ ರಂಗಸ್ವಾಮಿ ಎಂಬವನಿದ್ದ. ಗುಬ್ಬಿಯವನು, ಲೇತ್ ಮೆಷಿನ್ನಿನ ಕೆಲಸಗಾರ, ಎಂಟು ಜನರಲ್ಲಿ ಎಲ್ಲರಿಗಿಂತ ವೇಗ. ಯಜಮಾನ್ರಿಗೆ ಅವನೆಂದರೆ ಪ್ರಾಣ, ಹಾಗಾಗಿ ಏಟೂ ಅವನಿಗೇ ಜಾಸ್ತಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಜಾತಿ. ಒಂದು ಭಾನುವಾರ ಬೆಂಗಳೂರಿನಿಂದ ತಂದ ಹೊಳೆಯುವ ನೈಲಾನ್ ಟೋಪಿ ಹಾಕಿಕೊಂಡು ಬಂದ. ಗುಬ್ಬಿ ಮುಟ್ಟುವಷ್ಟರಲ್ಲಿ ಬೆವರು ಉಪ್ಪಾಗಿ ಕಣ್ಣಿಗಿಳಿದು, ಎದುರು ಬಂದ ಬಸ್ಸಿನಿಂದ ಒಂದು ಗೇಣಿನಲ್ಲಿ ತಪ್ಪಿಸಿಕೊಂಡ. ಯಜಮಾನ್ರು ಅವನನ್ನು ಸೈಕಲ್ಲಿನಿಂದ ಇಳಿಸಿ ಚರಂಡಿಯ ಪಕ್ಕ ನಿಲ್ಲಿಸಿ ಎಡಗೆನ್ನೆಗೊಂದು ಬಲಗೆನ್ನೆಗೊಂದು ಕೊಟ್ಟರು. ಆ ಟೋಪಿಯನ್ನು ಪಕ್ಕದ ಹೋಟೆಲಿನ ಒಲೆಗೆ ಹಾಕಿದರು. ಆಮೇಲೆ ತಮ್ಮ ಟೋಪಿಯನ್ನು ತೆಗೆದು ಅವನ ತಲೆಗಿಟ್ಟು, ತಾವು ಆ ಗುಂಡಿ ಬಿದ್ದ ಬೋಳುತಲೆಯಲ್ಲಿ ಬಿಸಿಲಿಗೆ ಕುಣಿಗಲ್‌ವರೆಗೆ ತುಳಿದರು. ಹೊಡೆತ ಮರೆತೆವು, ಇದನ್ನು ಮಾತ್ರ ಯಾರೂ ಮರೆಯಲಿಲ್ಲ.

ಟೋಪಿ ಬೆವರಿಗಾಯಿತು, ತಲೆ ಒಡೆಯದಿರಲು ಏನು ಎಂಬ ಚಿಂತೆ ಅವರನ್ನು ಕೊರೆಯುತ್ತಲೇ ಇತ್ತು. ಒಂದು ಏಪ್ರಿಲ್ಲಿನಲ್ಲಿ ಮೋಟರ್‌ಸೈಕಲ್ಲಿನ ಹೆಲ್ಮೆಟ್ಟುಗಳನ್ನು ಎರವಲು ತರಿಸಿ ನಮ್ಮೆಲ್ಲರ ತಲೆಗೆ ತುರುಕಿಸಿದರು. ಗುಬ್ಬಿ ದಾಟುವ ಮೊದಲೇ ಒಬ್ಬ ವಾಂತಿ ಮಾಡಿದ, ಇನ್ನೊಬ್ಬ ಸೈಕಲ್ ಸಮೇತ ಹುಣಸೆಮರದ ಕೆಳಗೆ ಉರುಳಿದ. ಹೆಲ್ಮೆಟ್ ಬೇಡ ಎಂದು ಬಾಯಿಬಿಟ್ಟ ಮೂರನೆಯವನಿಗೆ ಬೆನ್ನಿಗೆ ಬಿತ್ತು. ವಾಪಸು ಬರುವಾಗ ಎಲ್ಲರ ಹೆಲ್ಮೆಟ್ಟುಗಳೂ ಹ್ಯಾಂಡಲಿನಲ್ಲಿ ನೇತಾಡುತ್ತಿದ್ದವು, ಅವರದು ಮಾತ್ರ ತಲೆಯ ಮೇಲೇ ಇತ್ತು. ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬಾರದು ಎಂಬ ಗಾದೆಯನ್ನು ನಾಲ್ಕು ಸಲ ಹೇಳಿದರು.

ಆ ದಶಕ ಮುಗಿಯುತ್ತಾ ಬಂದಾಗ ಸೈಕಲ್ಲಿನವರಿಗೆಂದೇ ಮಾಡಿದ ಹಗುರ ಹೆಲ್ಮೆಟ್ಟುಗಳು ಬೆಂಗಳೂರಿನ ಅಂಗಡಿಗೆ ಬಂದಿವೆ ಎಂದು ತಿಳಿಯಿತು. ಒಳಗೆ ದಪ್ಪ ಥರ್ಮೋಕೋಲ್, ಹೊರಗೆ ತೆಳು ಪ್ಲಾಸ್ಟಿಕ್, ಗಾಳಿಯಾಡಲು ಮೇಲೆಲ್ಲ ಸೀಳು. ಮ್ಯಾನೇಜ್‌ಮೆಂಟು ರೇಸಿನ ಹೆಸರಿನಲ್ಲಿ ಹತ್ತು ಕೊಡಿಸಲು ಒಪ್ಪಿತು. ತರಲು ಹೋದವರು ನಾನು ಮತ್ತು ರಂಗಸ್ವಾಮಿ. ಹೋಗುವ ಮುಂಚೆ ಯಜಮಾನ್ರು ಎಲ್ಲರ ತಲೆಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ನನ್ನ ಕೈಗೆ ಚೀಟಿ ಕೊಟ್ಟರು. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಗಲ್ಲದ ಪಟ್ಟಿಯೊಳಗೆ ಒಂದು ಬೆರಳು ಹೋಗಬೇಕು, ಕೆಳಗೆ ಅಕ್ಕನ ತೆಳು ಟೋಪಿಗೆ ಜಾಗ ಬೇಕು, ಹೆಲ್ಮೆಟ್ ಹಿಡಿದು ಅಲ್ಲಾಡಿಸಿದರೆ ಹಣೆಯ ಚರ್ಮವೂ ಅದರ ಜೊತೆ ಅಲ್ಲಾಡಬೇಕು. ಅಂಗಡಿಯ ಮುದುಕರು ಚೀಟಿ ನೋಡಿ, ಇದನ್ನು ಬರೆದವರು ತಿಳಿದವರು ಎಂದರು. ರಂಗಸ್ವಾಮಿ ಕನ್ನಡಿಯ ಮುಂದೆ ಅರ್ಧ ಗಂಟೆ ನಿಂತು ಕೆಂಪು ಬಣ್ಣದ್ದನ್ನು ಆರಿಸಿಕೊಂಡ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಡಬ್ಬ ತೆರೆದು ನೋಡುತ್ತಿದ್ದೆ. ಒಳಗೆ ಮಡಿಸಿದ ಚೀಟಿಯೊಂದು ಇತ್ತು, ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಚಿತ್ರಗಳು. ಒಂದು ಸಲ ಏಟು ಬಿದ್ದ ಹೆಲ್ಮೆಟ್ಟನ್ನು ಮತ್ತೆ ಧರಿಸಬೇಡಿ, ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಥರ್ಮೋಕೋಲ್ ಅದುಮಿ ಹೋಗಿರುತ್ತದೆ, ಇನ್ನೊಂದು ಏಟು ತಡೆಯುವುದಿಲ್ಲ ಎಂದು ಬರೆದಿತ್ತು. ಓದಿ ಜೇಬಿನಲ್ಲಿಟ್ಟುಕೊಂಡೆ. ರಂಗಸ್ವಾಮಿ ಪಕ್ಕದಲ್ಲಿ ಕೆಂಪು ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಯಜಮಾನ್ರು ಹತ್ತೂ ಹೆಲ್ಮೆಟ್ಟುಗಳನ್ನು ಪರೀಕ್ಷೆಯ ಮೇಜಿಗೆ ತಂದರು. ಮೊದಲೇ ಮರದಲ್ಲಿ ಒಂದು ತಲೆ ಕೆತ್ತಿಸಿಟ್ಟಿದ್ದರು. ಅದಕ್ಕೆ ಹೆಲ್ಮೆಟ್ ತೊಡಿಸಿ, ಪಟ್ಟಿ ಬಿಗಿದು, ಹತ್ತು ಕೆಜಿಯ ಕಬ್ಬಿಣದ ಗುಂಡನ್ನು ಮಂಡಿಯೆತ್ತರದಿಂದ ಬಿಡುವುದು ಅವರ ಉಪಾಯ. ಪಾಸಾಗದ ವಸ್ತುವನ್ನು ಜನರ ತಲೆಯ ಮೇಲೆ ತೂಗಿಬಿಡದವರು, ಜನರ ತಲೆಗೇ ಹಾಕುವುದನ್ನು ಪರೀಕ್ಷಿಸದೆ ಬಿಟ್ಟಾರೆಯೇ? ಕೊಕ್ಕೆಗಾಗುವ ನ್ಯಾಯವೇ ಹೆಲ್ಮೆಟ್ಟಿಗೆ. ಅಷ್ಟು ವರ್ಷ ಆ ಕಾರ್ಖಾನೆಯಲ್ಲಿ ದುಡಿದ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಸುತ್ತ ನಿಂತಿದ್ದವರೆಲ್ಲ ಭೇಷ್ ಎಂದರು.

ನನ್ನ ಜೇಬಿನಲ್ಲಿ ಡಬ್ಬದ ಆ ಇಂಗ್ಲಿಷ್ ಚೀಟಿ ಇತ್ತು, ಉಳಿದ ಡಬ್ಬಗಳಲ್ಲಿದ್ದವನ್ನು ಯಾರೂ ಬಿಡಿಸಿ ನೋಡಿರಲಿಲ್ಲ. ಮೊದಲ ಗುಂಡು ಬೀಳುವ ಮುಂಚೆ ನಾನು ಒಂದು ಹೆಜ್ಜೆ ಮುಂದೆ ಬಂದು, "ಸಾರ್, ಇದರ ಡಬ್ಬದಲ್ಲಿ..." ಎಂದೆ.

ಅವರು ತಿರುಗಿದರು. ಹಿಂದಿನ ದಿನವಷ್ಟೇ ಅದೇ ಮೇಜಿನ ಮುಂದೆ, ಅಳತೆಯ ಬಗ್ಗೆ ಎದುರು ಮಾತಾಡಿದ ಒಬ್ಬನ ಮೂಗಿನಲ್ಲಿ ರಕ್ತ ಬರಿಸಿದ್ದರು. ನೆಲದ ಮೇಲೆ ಅದರ ಕಲೆ ಇನ್ನೂ ಇತ್ತು.

"ಏನ್ಲಾ ಡಿಪ್ಲೊಮಾ, ನೀನು ಕಲಿಸ್ತೀಯಾ ನಂಗೆ?"

ಏನಿಲ್ಲ ಸಾರ್ ಎಂದೆ. ಹಿಂದಕ್ಕೆ ಬಂದು ನಿಂತೆ. ಗುಂಡು ಬಿತ್ತು.

ಹತ್ತರಲ್ಲಿ ಎರಡು ಅಲ್ಲೇ ಬಿರುಕು ಬಿಟ್ಟವು, ಅವನ್ನು ಮೂಲೆಗೆ ಎಸೆದರು. ಉಳಿದ ಎಂಟು ಪಾಸು. ಗುಂಡು ಬಿದ್ದ ಜಾಗದಲ್ಲೇ ಒಂದೊಂದಕ್ಕೂ ಬಿಳಿ ಪೇಂಟಿನ ಚುಕ್ಕೆ ಇಟ್ಟು, ತಮಗೆ ಒಂದೂ ಉಳಿಯದಿದ್ದರೂ ಎಂಟು ಜನರ ತಲೆಗೆ ತಾವೇ ತೊಡಿಸಿ ಪಟ್ಟಿ ಬಿಗಿದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದೊಂದೇ ಸಲ ಕಂಡದ್ದು. ಕೊಕ್ಕೆಗಳಿಗೆ ವರ್ಷಕ್ಕೊಮ್ಮೆ ಮರುಪರೀಕ್ಷೆ ಇರುವ ಹಾಗೆ ಇವುಗಳಿಗೂ ಆಯುಧಪೂಜೆಯ ದಿನ ಮತ್ತೆ ಗುಂಡು ಬಿಟ್ಟು, ಎಂಟಕ್ಕೂ ಕುಂಕುಮ ಹಚ್ಚಿ, ಹೂವಿಟ್ಟು, ಮಂಗಳಾರತಿ ಮಾಡಿದರು. ನಾನು ಆರತಿ ತಗೊಂಡು ಕಣ್ಣಿಗೊತ್ತಿಕೊಂಡೆ. ಎಷ್ಟೋ ಕಾಲದಿಂದ ತುಳಿಯುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ, ಮುಂದೆಯೂ ಆಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ಆಯುಧಪೂಜೆ ಕಳೆದು ಮೂರು ತಿಂಗಳಿಗೆ, ಸಂಕ್ರಾಂತಿಯ ಹಿಂದಿನ ಭಾನುವಾರ, ಕೊತ್ತಗೆರೆಯ ಹತ್ತಿರ ಅದು ಆಯಿತು. ಇಳಿಜಾರಿನಲ್ಲಿ ರಂಗಸ್ವಾಮಿ ಎಲ್ಲರಿಗಿಂತ ಮುಂದಿದ್ದ, ತಲೆ ಬಗ್ಗಿಸಿ ತುಳಿಯುತ್ತಿದ್ದ. ಪಕ್ಕದ ಹೊಲದಿಂದ ರಾಗಿ ಹುಲ್ಲು ತುಂಬಿದ ಟ್ರಾಕ್ಟರೊಂದು ನಿಧಾನವಾಗಿ ರಸ್ತೆಗೆ ಹತ್ತಿತು. ಓಡಿಸುತ್ತಿದ್ದ ರೈತ ಹಾರ್ನ್ ಹೊಡೆದ, ಕೈ ಬೀಸಿದ, ನಿಲ್ಲಿಸಿಯೂ ನಿಲ್ಲಿಸಿದ. ರಂಗಸ್ವಾಮಿ ತಲೆ ಎತ್ತಿದಾಗ ಟ್ರೇಲರಿನ ಕಬ್ಬಿಣದ ಮೂಲೆ ಅವನ ಮುಖದ ಮುಂದಿತ್ತು. ತೆಂಗಿನಕಾಯಿ ಒಡೆದ ಸದ್ದು ಕೇಳಿಸಿತು. ನಾನು ಹೋಗುವಷ್ಟರಲ್ಲಿ ಅವನು ರಸ್ತೆಗೆ ಅಡ್ಡ ಬಿದ್ದಿದ್ದ. ಕಿವಿಯಿಂದ ರಕ್ತ ಬರುತ್ತಿತ್ತು, ಬಲಗಾಲು ಒಂದೇ ಸಮನೆ ನೆಲಕ್ಕೆ ಬಡಿಯುತ್ತಿತ್ತು. ಬಿರುಕು ಬಿಳಿ ಚುಕ್ಕೆಯ ಮೇಲೇ ಹಾಯ್ದು ಕೆಂಪು ಹೆಲ್ಮೆಟ್ ಎರಡು ಹೋಳಾಗಿತ್ತು.

ಯಜಮಾನ್ರು ಸೈಕಲ್ ಬಿಸಾಕಿ ಓಡಿಬಂದರು. ಒಂದು ಸಲ ರಂಗಸ್ವಾಮಿಯನ್ನು ನೋಡಿದರು. ಆಮೇಲೆ ಟ್ರಾಕ್ಟರ್ ಹತ್ತಿ ಆ ರೈತನನ್ನು ಕೆಳಗೆಳೆದರು. ಅವನದೇನೂ ತಪ್ಪಿರಲಿಲ್ಲ. ಐವತ್ತರ ಮನುಷ್ಯ, ಕೈಮುಗಿಯುತ್ತಿದ್ದ. ಮುಗಿದ ಕೈಗಳ ಮೇಲೇ ಹೊಡೆದರು. ಬಾಯಿಗೆ ಗುದ್ದಿದರು, ಎರಡು ಹಲ್ಲು ಮಣ್ಣಿಗೆ ಬಿದ್ದವು. ಬಿದ್ದವನನ್ನು ಒದ್ದರು. ನಾವು ನಾಲ್ಕು ಜನ ಸೇರಿದರೂ ಅವರನ್ನು ಹಿಡಿದೆಳೆಯಲು ಆಗಲಿಲ್ಲ. ಅಷ್ಟರಲ್ಲಿ ಹೊಲದಿಂದ ಜನ ಓಡಿಬಂದು ಅವರನ್ನು ಹಿಡಿದು ಬಡಿದರು, ಅವರಿಗೂ ತುಟಿ ಹರಿಯಿತು. ನಾನು ಆ ರೈತನನ್ನು ಎತ್ತಿ ಕೂರಿಸಿ ನೀರು ಕುಡಿಸಿದೆ. ಅವನು ನೀರು ಉಗುಳಿದಾಗ ರಕ್ತ ಬಂತು. ಈ ಏಟುಗಳೆಲ್ಲ ನನಗೆ ಬೀಳಬೇಕಾದವು ಎಂದು ಗೊತ್ತಿದ್ದವನು ಆ ರಸ್ತೆಯಲ್ಲಿ ನಾನೊಬ್ಬನೇ. ಆಗಲೂ ನಾನು ಬಾಯಿ ಬಿಡಲಿಲ್ಲ.

ದಾರಿಯಲ್ಲಿ ಬಂದ ಟೆಂಪೋದಲ್ಲಿ ರಂಗಸ್ವಾಮಿಯನ್ನು ಕುಣಿಗಲ್ಲಿಗೆ, ಅಲ್ಲಿಂದ ಬೆಂಗಳೂರಿಗೆ ಸಾಗಿಸಿದೆವು. ಮೂರು ವಾರ ಅವನಿಗೆ ಎಚ್ಚರವಿರಲಿಲ್ಲ. ಬದುಕಿದ. ಆದರೆ ಬಲಗೈಗೆ ಬಲ ಬರಲಿಲ್ಲ, ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಹೆಂಡತಿ ಜಯಮ್ಮನನ್ನು ಗುರುತಿಸುತ್ತಿದ್ದ, ಹೆಸರು ಹಿಡಿದು ಕರೆಯಲು ಆಗುತ್ತಿರಲಿಲ್ಲ. ಲೇತ್ ಮೆಷಿನ್ನಿನ ಮುಂದೆ ಅವನು ಮತ್ತೆ ನಿಲ್ಲಲಿಲ್ಲ. ಏಟು ತಿಂದ ರೈತ ಅಕ್ಕನ ತವರಿನವರಿಗೆ ದೂರದ ನೆಂಟ ಎಂದು ಆಮೇಲೆ ತಿಳಿಯಿತು. ಅಕ್ಕನಿಗೆ ಕೊತ್ತಗೆರೆಗೆ ಹೋಗಲು ಮುಖವಿಲ್ಲದಂತಾಯಿತು.

ಹೆಲ್ಮೆಟ್ಟೇ ಮೋಸದ್ದು ಎಂದು ಯಜಮಾನ್ರು ತೀರ್ಮಾನಿಸಿದರು. ಎರಡು ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡು, ಅಂಗಡಿ ತೋರಿಸಲು ನನ್ನನ್ನು ಎಳೆದುಕೊಂಡು ಬೆಂಗಳೂರಿಗೆ ಹೊರಟರು. ಬಸ್ಸಿನಲ್ಲಿ ಹೊಡೆಯುವ ಕೈಯ ಗಿಣ್ಣುಗಳನ್ನು ಇನ್ನೊಂದು ಕೈಯಿಂದ ತಿಕ್ಕುತ್ತಾ ಕೂತಿದ್ದರು. ಆ ಅಂಗಡಿಯ ಮುದುಕರ ಗತಿ ಇಂದು ಮುಗಿಯಿತು ಎಂದುಕೊಂಡೆ. ಒಳಗೆ ಹೋದವರೇ ಹೋಳುಗಳನ್ನು ಮೇಜಿಗೆ ಕುಕ್ಕಿ, ಇಂಥದ್ದನ್ನು ಮಾರಿ ಜನರನ್ನು ಸಾಯಿಸುತ್ತೀರಾ ಎಂದು ಕೂಗಿದರು. ಮುದುಕರು ಬೆದರಲಿಲ್ಲ. ಹೋಳುಗಳನ್ನು ಎತ್ತಿ, ತಿರುಗಿಸಿ ನೋಡಿ, ಈ ಬಿಳಿ ಚುಕ್ಕೆ ಏನೆಂದು ಕೇಳಿದರು.

"ಟೆಸ್ಟ್ ಪಾಸಾಗಿರೋ ಗುರುತು. ಹತ್ತು ಕೆಜಿ ಗುಂಡು ಬೀಳ್ಸಿದ್ದೀನಿ, ಎರಡು ಸಲ. ಆಗ ಒಡೀಲಿಲ್ಲ, ಈಗ ಹೆಂಗ್ ಒಡೀತು?"

ಮುದುಕರು ಹೊಸ ಹೆಲ್ಮೆಟ್ ಒಂದನ್ನು ತಂದು ಅದರ ಒಳಗಿನ ಥರ್ಮೋಕೋಲಿಗೆ ಯಜಮಾನ್ರ ಹೆಬ್ಬೆರಳನ್ನು ಇಡಿಸಿದರು. ಅದು ಗಟ್ಟಿಯಾಗಿ ಎದುರು ಒತ್ತಿತು. ಅದೇ ಹೆಬ್ಬೆರಳನ್ನು ಒಡೆದ ಹೋಳಿನ ಮೇಲೆ, ಚುಕ್ಕೆಯ ಸರಿ ಕೆಳಗೆ, ಇಡಿಸಿದರು. ಅಲ್ಲಿ ಥರ್ಮೋಕೋಲ್ ಒಣಗಿದ ರೊಟ್ಟಿಯಷ್ಟು ತೆಳ್ಳಗಾಗಿತ್ತು.

"ಯಜಮಾನ್ರೇ, ಇದು ಕಬ್ಬಿಣ ಅಲ್ಲ. ಒಂದೇ ಒಂದು ಏಟು ತಡ್ಕೊಳ್ಳಕ್ಕೆ ಮಾಡಿರೋದು. ಆ ಏಟನ್ನ ನೀವೇ ಹೊಡೆದ್ಬಿಟ್ಟಿದ್ದೀರಿ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಯಜಮಾನ್ರ ಬಲಗೈ ಮೇಲೆದ್ದಿತು. ಈಗ ಬಿತ್ತು ಎಂದುಕೊಂಡು ಕಣ್ಣು ಮುಚ್ಚಿದೆ. ತೆರೆದಾಗ ಆ ಕೈ ಮೇಜಿನ ಅಂಚು ಹಿಡಿದುಕೊಂಡಿತ್ತು. ಇನ್ನೊಂದು ಸಲ ಹೇಳಿ ಎಂದರು. ಮುದುಕರು ಮೆಲ್ಲಗೆ, ಮತ್ತೆ ಅದನ್ನೇ ಹೇಳಿದರು. ಯಜಮಾನ್ರು ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದರು.

ಮರುದಿನ ಬೆಳಿಗ್ಗೆ ಉಳಿದ ಏಳು ಹೆಲ್ಮೆಟ್ಟುಗಳನ್ನು ತರಿಸಿ, ಒಂದೊಂದಾಗಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ದೊಡ್ಡ ಸುತ್ತಿಗೆಯಲ್ಲಿ ಹೊಡೆದರು. ಒಡೆದ ಮೇಲೂ ಹೊಡೆಯುತ್ತಲೇ ಇದ್ದರು. ಬಿಳಿಯ ಪುಡಿ ಅವರ ಮೀಸೆಗೆ, ರೆಪ್ಪೆಗೆ ಹತ್ತಿಕೊಂಡಿತು. ಯಂತ್ರಗಳೆಲ್ಲ ನಿಂತು ಇಡೀ ಶೆಡ್ಡು ನೋಡುತ್ತಿತ್ತು. ಏಳನೆಯದು ಮುಗಿದ ಮೇಲೆ ಮರದ ತಲೆಯನ್ನು ಇಟ್ಟು ಅದನ್ನೂ ಸೀಳಿದರು. ಆಮೇಲೆ ಸುತ್ತಿಗೆ ಇಟ್ಟು, ನೆಲದ ಮೇಲಿನ ಪುಡಿಯನ್ನು ತಾವೇ ಗುಡಿಸಿದರು. ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ.

ಅದಾದ ಮೇಲೆ ಅವರು ಯಾರಿಗೂ ಕೈ ಎತ್ತಲಿಲ್ಲ. ಹಾಗೆಂದು ಶಾಂತರಾದರು ಎಂದಲ್ಲ. ಸಿಟ್ಟು ಬಂದರೆ ಮುಷ್ಟಿ ಬಿಗಿದು ಹೊರಗೆ ಹೋಗಿ, ಶೆಡ್ಡಿನ ಹಿಂದಿನ ಗೋಡೆಗೆ ಗುದ್ದಿ ಬರುತ್ತಿದ್ದರು. ಆ ಗೋಡೆಯ ಗಾರೆ ಅವರೆತ್ತರಕ್ಕೆ ಉದುರಿಹೋಗಿತ್ತು, ಅವರ ಗಿಣ್ಣುಗಳಲ್ಲಿ ಗಾಯ ಮಾಯುತ್ತಲೇ ಇರಲಿಲ್ಲ. ಪ್ರತಿ ಭಾನುವಾರ ಗುಬ್ಬಿಗೆ ಸೈಕಲ್ಲಿನಲ್ಲಿ ಹೋಗಿ ರಂಗಸ್ವಾಮಿಯ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೊದಲ ಸಲ ತಾವು ಮಾಡಿದ್ದನ್ನು ಒಂದೂ ಬಿಡದೆ ಜಯಮ್ಮನಿಗೆ ಹೇಳಿದರಂತೆ. ಅವಳು ಪೊರಕೆ ತಗೊಂಡು ಮುಖ ಮೂತಿ ನೋಡದೆ ಬಡಿದಳು. ತಲೆ ತಗ್ಗಿಸಿ ನಿಂತಿದ್ದರು. ಗುಂಡಿಯಿದ್ದ ಕಡೆ ಮಾತ್ರ ಕೈ ಅಡ್ಡ ಹಿಡಿದಿದ್ದರು ಎಂದು ಜಯಮ್ಮನೇ ನನಗೆ ಹೇಳಿದಳು, ಅದನ್ನು ಹೇಳುವಾಗ ಅತ್ತಳು. ಮುಂದಿನ ವಾರ ಮತ್ತೆ ಹೋದರು. ಎಷ್ಟೋ ವಾರಗಳಾದ ಮೇಲೆ ಅವಳು ಬಾಗಿಲು ಬಿಟ್ಟು ಸರಿದಳು. ಅವರು ಒಳಗೆ ಹೋಗಿ ರಂಗಸ್ವಾಮಿಯ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳಿಗೂ ಎಣ್ಣೆ ತಿಕ್ಕಿದರು. ಸ್ವಲ್ಪ ಕಾಲದಲ್ಲೇ ಸ್ವಯಂ ನಿವೃತ್ತಿ ತಗೊಂಡರು, ಎಣ್ಣೆ ತಿಕ್ಕುವುದನ್ನು ಮಾತ್ರ ಬಿಡಲಿಲ್ಲ.

ಕಾರ್ಖಾನೆಯಲ್ಲಿ ಅವರ ಜಾಗಕ್ಕೆ ನನ್ನನ್ನು ಕೂರಿಸಿದರು. ಪಂಚಿನ ಗುರುತು ಹೊಡೆಯುವಾಗಲೆಲ್ಲ ನನಗೆ ಆ ಚೀಟಿ ನೆನಪಾಗುತ್ತಿತ್ತು. ತಪ್ಪೆಲ್ಲ ತಮ್ಮದೊಬ್ಬರದೇ ಎಂದು ಅವರು ಹೊತ್ತು ತಿರುಗುತ್ತಿದ್ದರು, ಅದರಲ್ಲಿ ಅರ್ಧ ನನ್ನದೆಂದು ನಾನು ಬಚ್ಚಿಟ್ಟುಕೊಂಡಿದ್ದೆ. ಹೀಗೇ ನಾಲ್ಕೈದು ವರ್ಷ ಕಳೆಯಿತು. ಒಂದು ಮಧ್ಯಾಹ್ನ ತಡೆಯಲಾರದೆ ಉಪ್ಪಾರಹಳ್ಳಿಗೆ ಹೋದೆ. ಅವರು ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಒಳಗೆ ಅಕ್ಕನ ಮೆಷಿನ್ ಓಡುತ್ತಿತ್ತು. ಕೂತ್ಕೋ ಎಂದರು. ನಾನು ನಿಂತೇ ಹೇಳಿದೆ.

"ಸಾರ್, ಆ ಹೆಲ್ಮೆಟ್ ಡಬ್ಬದಲ್ಲಿ ಒಂದು ಚೀಟಿ ಇತ್ತು. ಒಂದ್ಸಲ ಏಟು ಬಿದ್ದಿದ್ದನ್ನ ಮತ್ತೆ ಹಾಕ್ಕೋಬಾರ್ದು ಅಂತ ಬರ್ದಿತ್ತು. ನಾನು ಓದಿದ್ದೆ. ನೀವು ಟೆಸ್ಟ್ ಮಾಡೋಕೆ ಮುಂಚೇನೇ ಓದಿದ್ದೆ."

ಒಳಗೆ ಮೆಷಿನ್ ನಿಂತಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಎದ್ದು ನಿಂತರು. ನಾನು ಕೆನ್ನೆ ತಪ್ಪಿಸಲಿಲ್ಲ. ನಿಜ ಹೇಳಬೇಕೆಂದರೆ ಹೊಡೆಯಲಿ ಎಂದೇ ಹೋಗಿದ್ದೆ, ಒಂದು ಏಟು ಬಿದ್ದರೆ ನನ್ನ ಪಾಲಿನದು ತೀರೀತು ಎಂಬ ಆಸೆ ನನ್ನದು. ಅವರು ಹೊಡೆಯಲಿಲ್ಲ.

"ಯಾಕ್ಲಾ ಹೇಳ್ಲಿಲ್ಲ?"

"ಹೇಳಕ್ಕೆ ಬಂದೆ ಸಾರ್. ಹೊಡೀತೀರಾ ಅಂತ ಹೆದ್ರಿಕೊಂಡೆ."

ಅಕ್ಕ ಬಂದು ಬಾಗಿಲಲ್ಲಿ ನಿಂತಿದ್ದರು. ಯಜಮಾನ್ರು ಒಂದು ಸಲ ಅವರ ಕಡೆ ನೋಡಿದರು, ಮತ್ತೆ ನನ್ನ ಕಡೆ ತಿರುಗಿದರು.

"ಹೂಂ ಕಣ್ಲಾ," ಎಂದರು. "ಹೊಡೀತಿದ್ದೆ."